ನಿಂತುಹೋದ ಹಳೆಯ ಡರ್ಟ್ ಬೈಕ್: ಎಂಜಿನ್ ಪೂರ್ತಿ ಬಿಚ್ಚಿ ಮತ್ತೆ ಕಟ್ಟುವುದು ಹೇಗೆ

ವರ್ಷಗಟ್ಟಲೆ ಮೂಲೆಯಲ್ಲಿ ನಿಂತಿದ್ದ ಡರ್ಟ್ ಬೈಕ್ ಕೈಗೆ ಬಂದ ತಕ್ಷಣ ಒಂದು ಕಿಕ್ ಹೊಡೆದು ನೋಡೋಣ ಅನ್ನಿಸುತ್ತದೆ. ದಯವಿಟ್ಟು ಹೊಡೆಯಬೇಡಿ. ಸಿಲಿಂಡರ್ ಒಳಗೆ ತುಕ್ಕು ಹಿಡಿದಿರಬಹುದು. ರಿಂಗ್ ಅಂಟಿಕೊಂಡಿರಬಹುದು. ರೀಡ್ ವಾಲ್ವಿನ (ಗಾಳಿ, ಪೆಟ್ರೋಲ್ ಒಳಬಿಡುವ ತೆಳು ಎಲೆಗಳ ಕವಾಟ) ಚೂರು ಒಳಗೆ ಬಿದ್ದಿರಬಹುದು. ಉಳಿಸಬಹುದಾಗಿದ್ದ ಸಿಲಿಂಡರ್ ಆ ಒಂದೇ ಕಿಕ್‌ಗೆ ಗೀರು ಬಿದ್ದು ಹಾಳಾಗುತ್ತದೆ.

ನಾನು ಮೊದಲ ಸಲ ಒಂದು 125 ಸಿಸಿ ಟೂ ಸ್ಟ್ರೋಕ್ ಎಂಜಿನ್ ಕಟ್ಟಿದಾಗ ಸಿಲಿಂಡರ್ ಬೋರ್ ಮಾಡಿಸಿದೆ (ಒಳಗೋಡೆ ಕೊರೆದು ದೊಡ್ಡದು ಮಾಡಿಸಿದೆ), ಹೊಸ ಪಿಸ್ಟನ್ ಹಾಕಿದೆ. ಗಾಡಿ ಎರಡು ಗಂಟೆ ಸೊಗಸಾಗಿ ಓಡಿತು. ಆಮೇಲೆ ಓಡುತ್ತಿದ್ದ ಹಾಗೇ ಜಾಮ್ ಆಯಿತು. ಬಿಚ್ಚಿ ನೋಡಿದರೆ ಎಡಗಡೆಯ ಕ್ರ್ಯಾಂಕ್ ಸೀಲ್ (ತಿರುಗುವ ಕ್ರ್ಯಾಂಕ್ ದಂಡದ ಸುತ್ತ ಗಾಳಿ ತಡೆಯುವ ರಬ್ಬರ್ ಬಳೆ) ಒಣಗಿ ಗಟ್ಟಿಯಾಗಿತ್ತು. ಎಂಜಿನ್ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತಿತ್ತು. ನಾನು ಎಸೆದಿದ್ದ ಹಳೆಯ ಪಿಸ್ಟನ್ ಮೇಲೂ ಇದೇ ಥರದ ಗೀರು ಇತ್ತು ಅನ್ನುವುದು ಆಗ ನೆನಪಾಯಿತು. ಅಂದಿನಿಂದ, ಈ ಎಂಜಿನ್ ಯಾಕೆ ನಿಂತಿತು ಅನ್ನುವ ಪ್ರಶ್ನೆಗೆ ಉತ್ತರ ಸಿಗುವವರೆಗೆ ನಾನು ಒಂದು ರಿಂಗ್ ಕೂಡ ಕೊಳ್ಳುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಒಂದೇ ಸಿಲಿಂಡರಿನ, ನೀರಿನಿಂದ ತಣಿಯುವ ಟೂ ಸ್ಟ್ರೋಕ್ ಎಂಜಿನ್ ಬಗ್ಗೆ. ಫೋರ್ ಸ್ಟ್ರೋಕ್ ಆದರೆ ವಾಲ್ವ್, ಕ್ಯಾಮ್, ಟೈಮಿಂಗ್ ಚೈನ್ ಕೆಲಸ ಬೇರೆಯೇ ಇದೆ. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಮೊದಲೇ ಸಂಪಾದಿಸಿ. ನಾನು ಕೊಡುವ ಅಂಕಿಗಳು ಒಂದು ಅಂದಾಜಿಗೆ ಮಾತ್ರ, ಕೊನೆಯ ಮಾತು ಮ್ಯಾನುಯಲ್‌ನದ್ದೇ.

ಬಿಚ್ಚುವ ಮೊದಲು

ಗಾಡಿಯನ್ನು ಚೆನ್ನಾಗಿ ತೊಳೆಯಿರಿ. ಎಂಜಿನ್ ಮೇಲಿನ ಮಣ್ಣೆಲ್ಲ ಹೋಗಬೇಕು, ಇಲ್ಲದಿದ್ದರೆ ಬಿಚ್ಚುವಾಗ ಅದೇ ಮಣ್ಣು ಒಳಗೆ ಉದುರುತ್ತದೆ. ಪ್ಲಗ್ ಸುತ್ತಲಿನ ಗುಂಡಿಯನ್ನು ಗಾಳಿ ಹೊಡೆದು ಸ್ವಚ್ಛ ಮಾಡಿ, ಆಮೇಲೆ ಪ್ಲಗ್ ತೆಗೆಯಿರಿ.

ಪ್ಲಗ್ ತೂತಿನಿಂದ ಸ್ವಲ್ಪ ಎಣ್ಣೆ ಬಿಟ್ಟು, ಮ್ಯಾಗ್ನೆಟ್ (ಕ್ರ್ಯಾಂಕ್ ತುದಿಯಲ್ಲಿರುವ, ಕಿಡಿಗೆ ಕರೆಂಟ್ ಹುಟ್ಟಿಸುವ ಚಕ್ರ) ನಟ್‌ಗೆ ಸ್ಪ್ಯಾನರ್ ಹಾಕಿ ನಿಧಾನವಾಗಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಒಳ್ಳೆಯದು. ಕರಕರ ಅಂದರೆ ಬೇರಿಂಗ್ ಕಡೆ ಅನುಮಾನ ಇಟ್ಟುಕೊಳ್ಳಿ. ತಿರುಗಲೇ ಇಲ್ಲ ಅಂದರೆ ಪಿಸ್ಟನ್ ಅಂಟಿಕೊಂಡಿದೆ. ತುಕ್ಕು ಬಿಡಿಸುವ ಎಣ್ಣೆ ಸುರಿದು ಎರಡು ಮೂರು ದಿನ ಬಿಡಿ. ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ಎಣ್ಣೆ) ಮತ್ತು ಅಸಿಟೋನ್ ಸಮ ಪ್ರಮಾಣದಲ್ಲಿ ಬೆರೆಸಿದ್ದೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅಸಿಟೋನ್‌ಗೆ ಬೇಗ ಬೆಂಕಿ ಹತ್ತುತ್ತದೆ, ಗಾಳಿಯಾಡುವ ಕಡೆ ಮಾತ್ರ ಬಳಸಿ. ಆಮೇಲೆ ಸ್ಪ್ಯಾನರ್‌ನಲ್ಲಿ ಹಿಂದೆ ಮುಂದೆ ಮೆಲ್ಲಗೆ ಅಲುಗಾಡಿಸಿ. ಪ್ಲಗ್ ತೂತಿನಿಂದ ರಾಡ್ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವವರಿದ್ದಾರೆ. ಹಾಗೆ ಮಾಡಿದರೆ ಪಿಸ್ಟನ್ ತಲೆ ತೂತಾಗುತ್ತದೆ, ಬೇರೇನೂ ಆಗುವುದಿಲ್ಲ.

ಎಂಜಿನ್ ತಿರುಗುತ್ತದೆ ಅಂತಾದರೆ ಕಂಪ್ರೆಷನ್ (ಪಿಸ್ಟನ್ ಮೇಲೆ ಬಂದಾಗ ಸಿಲಿಂಡರ್ ಒಳಗೆ ಏರುವ ಒತ್ತಡ) ನೋಡಿ. ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಮಾಡಿ. ಆರೋಗ್ಯವಾಗಿರುವ ಹಲವು ಎಂಜಿನ್‌ಗಳಲ್ಲಿ 150 ಪಿಎಸ್‌ಐ ಆಸುಪಾಸು ಬರುತ್ತದೆ. 100ಕ್ಕಿಂತ ಕೆಳಗಿದ್ದರೆ ಮೇಲ್ಭಾಗದ ಕೆಲಸ ಖಂಡಿತ ಇದೆ.

ಇನ್ನೊಂದು ಪರೀಕ್ಷೆಗೆ ಕಾಸು ಖರ್ಚಿಲ್ಲ. ಗೇರ್ ಆಯಿಲ್ ಇಳಿಸಿ ನೋಡಿ. ಹಾಲು ಬೆರೆಸಿದ ಹಾಗಿದ್ದರೆ ವಾಟರ್ ಪಂಪ್ ಸೀಲ್ ಹೋಗಿದೆ. ಅಳತೆಗಿಂತ ತುಂಬ ಕಡಿಮೆ ಇದ್ದು ಸೈಲೆನ್ಸರ್ ಒಳಗೆಲ್ಲ ಜಿಡ್ಡು ಇದ್ದರೆ, ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿ ಎಂಜಿನ್ ಗೇರ್ ಆಯಿಲ್ ಕುಡಿಯುತ್ತಿತ್ತು ಅಂತ ಅರ್ಥ. ಚಿನ್ನದ ಬಣ್ಣದ ಹೊಳೆಯುವ ಪುಡಿ ಇದ್ದರೆ ಕಂಚಿನ ಬುಷ್ ಸವೆದಿರಬಹುದು. ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡಿ.

ಬಿಚ್ಚುವ ಕೆಲಸ

ಪ್ರತಿ ಹಂತದಲ್ಲೂ ಫೋಟೊ ತೆಗೆಯಿರಿ. ಒಂದೊಂದು ಕವರ್‌ನ ಬೋಲ್ಟ್‌ಗಳಿಗೆ ಒಂದೊಂದು ಚೀಲ ಇಟ್ಟು ಹೆಸರು ಬರೆಯಿರಿ. ಕವರ್ ಬೋಲ್ಟ್‌ಗಳು ಬೇರೆ ಬೇರೆ ಉದ್ದದವು. ರಟ್ಟಿನ ಮೇಲೆ ಕವರ್‌ನ ಆಕಾರ ಬರೆದು, ಆಯಾ ಜಾಗದಲ್ಲೇ ಬೋಲ್ಟ್ ಚುಚ್ಚಿಡುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ.

ಜಪಾನಿ ಗಾಡಿಗಳ ಪ್ಲಸ್ ಸ್ಕ್ರೂಗಳ ಬಗ್ಗೆ ಒಂದು ಮಾತು. ನೋಡಲು ಸಾಮಾನ್ಯ ಫಿಲಿಪ್ಸ್ ಸ್ಕ್ರೂ ಥರವೇ ಇರುತ್ತವೆ, ಆದರೆ ಅವು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯವು. ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ತಲೆ ಕಿತ್ತುಹೋಗುತ್ತದೆ. ಜೆಐಎಸ್ ಬಿಟ್ ಮತ್ತು ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಇದ್ದರೆ ಅರ್ಧ ತಲೆನೋವು ಇಲ್ಲ.

ಕ್ರಮ ಹೀಗಿರಲಿ:

1. ಕೂಲೆಂಟ್, ಗೇರ್ ಆಯಿಲ್ ಇಳಿಸಿ. ಸೈಲೆನ್ಸರ್, ರೇಡಿಯೇಟರ್ ಪೈಪ್, ಕಾರ್ಬೊರೇಟರ್ ಬಿಚ್ಚಿ.
2. ಎಂಜಿನ್ ಇನ್ನೂ ಫ್ರೇಮ್‌ನಲ್ಲಿರುವಾಗಲೇ ಮ್ಯಾಗ್ನೆಟ್ ನಟ್, ಮುಂದಿನ ಸ್ಪ್ರಾಕೆಟ್ ನಟ್, ಕ್ಲಚ್ ನಟ್, ಪ್ರೈಮರಿ ಗೇರ್ ನಟ್ ಸಡಿಲ ಮಾಡಿ. ಎಂಜಿನ್ ಮೇಜಿನ ಮೇಲೆ ಬಂದಮೇಲೆ ಹಿಡಿತ ಸಿಗುವುದಿಲ್ಲ. ಕೆಲವು ನಟ್‌ಗಳು ಉಲ್ಟಾ ಥ್ರೆಡ್ ಇರುತ್ತವೆ, ಜೋರು ಹಾಕುವ ಮೊದಲು ಮ್ಯಾನುಯಲ್ ನೋಡಿ.
3. ಸ್ಟೇಟರ್ ಪ್ಲೇಟ್ (ಮ್ಯಾಗ್ನೆಟ್ ಜೊತೆಗಿರುವ ಕಾಯಿಲ್‌ಗಳ ತಟ್ಟೆ) ತೆಗೆಯುವ ಮೊದಲು ಅದು ಕೂತಿದ್ದ ಜಾಗಕ್ಕೆ ಸೂಜಿಯಲ್ಲಿ ಒಂದು ಗೆರೆ ಎಳೆಯಿರಿ. ಮುಂದೆ ಟೈಮಿಂಗ್ (ಕಿಡಿ ಹಾರುವ ಸರಿಯಾದ ಹೊತ್ತು) ಸಿಗುವುದು ಈ ಗೆರೆಯಿಂದಲೇ.
4. ಮ್ಯಾಗ್ನೆಟ್ ಬಿಚ್ಚಲು ನಿಮ್ಮ ಮಾಡೆಲ್‌ಗೆ ಹೊಂದುವ ಪುಲ್ಲರ್ ಬೇಕೇ ಬೇಕು. ಸುತ್ತಿಗೆ ಬೇಡ.
5. ಹೆಡ್ ನಟ್‌ಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಚ್ಚಿ. ಪವರ್ ವಾಲ್ವ್ (ಎಕ್ಸಾಸ್ಟ್ ಕಿಂಡಿಯನ್ನು ಹಿರಿದು ಕಿರಿದು ಮಾಡುವ ಕವಾಟ) ಕೊಂಡಿ ಬಿಡಿಸಿ, ಸಿಲಿಂಡರನ್ನು ನೇರವಾಗಿ ಮೇಲೆತ್ತಿ.
6. ಕೇಸ್ ಬೋಲ್ಟ್‌ಗಳೆಲ್ಲ ಬಂದಮೇಲೆ ಕೇಸ್ ಸ್ಪ್ಲಿಟರ್ ಹಾಕಿ ಎರಡು ಹೋಳು ಮಾಡಿ. ಎರಡೂ ಕಡೆ ಸಮವಾಗಿ ಬಿಡಬೇಕು.

ಕೇಸ್ ಬಿಡಿಸಲು ಸ್ಕ್ರೂಡ್ರೈವರ್ ತುರುಕಬೇಡಿ. ಆ ಎರಡು ಮುಖಗಳ ಮೇಲೆ ಒಂದು ಗೀರು ಬಿದ್ದರೆ ಎಂಜಿನ್ ಅಲ್ಲಿಂದಲೇ ಗಾಳಿ ಎಳೆಯುತ್ತದೆ. ಬಿಡುತ್ತಿಲ್ಲ ಅಂದರೆ ಎಲ್ಲೋ ಒಂದು ಬೋಲ್ಟ್ ಉಳಿದಿದೆ ಅಂತಲೇ ಅರ್ಥ.

ಹಳೆಯ ಪಿಸ್ಟನ್ ಓದುವುದು

ಈಗ ಪಿಸ್ಟನ್ ಕೈಗೆ ತಗೊಂಡು ಬೆಳಕಿನಲ್ಲಿ ಕೂತುಕೊಳ್ಳಿ. ತೊಳೆಯಬೇಡಿ, ಹಾಗೇ ನೋಡಿ.

ಇನ್‌ಟೇಕ್ ಕಡೆಯ ಸ್ಕರ್ಟ್ (ಪಿಸ್ಟನ್ನಿನ ಪಕ್ಕದ ಕೆಳಭಾಗ) ಹೊಳಪು ಕಳೆದುಕೊಂಡು, ಮರಳು ಕಾಗದದಲ್ಲಿ ಉಜ್ಜಿದ ಹಾಗಿದ್ದರೆ ಧೂಳು ಒಳಗೆ ಹೋಗಿದೆ. ಏರ್ ಫಿಲ್ಟರ್ ಹರಿದಿರಬೇಕು, ಇಲ್ಲವೇ ಅಂಚಿನಲ್ಲಿ ಸರಿಯಾಗಿ ಕೂತಿರಲಿಲ್ಲ. ಮಣ್ಣಿನಲ್ಲಿ ಓಡುವ ಗಾಡಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ.

ನಾಲ್ಕು ಮೂಲೆಗಳಲ್ಲಿ ಉದ್ದುದ್ದ ಗೀರು ಇದ್ದರೆ, ಎಂಜಿನ್ ಬಿಸಿಯಾಗುವ ಮೊದಲೇ ಯಾರೋ ಜೋರಾಗಿ ಓಡಿಸಿದ್ದಾರೆ. ಅಲ್ಯೂಮಿನಿಯಂ ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತದೆ. ಸಿಲಿಂಡರ್ ಇನ್ನೂ ತಣ್ಣಗಿರುತ್ತದೆ. ನಡುವಿನ ಜಾಗ ಮುಗಿದುಹೋಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಬೋರ್ ಮಾಡುವಾಗ ಜಾಗ ಕಡಿಮೆ ಬಿಟ್ಟಿದ್ದರೂ ಹೀಗೇ ಆಗುತ್ತದೆ.

ಎಕ್ಸಾಸ್ಟ್ ಕಡೆ ಮಾತ್ರ ಗೀರು ಬಿದ್ದು ಅಲ್ಯೂಮಿನಿಯಂ ಮೆತ್ತಿಕೊಂಡಿದ್ದರೆ ಅಲ್ಲಿ ಬಿಸಿ ಜಾಸ್ತಿಯಾಗಿದೆ. ಪೆಟ್ರೋಲ್ ಕಮ್ಮಿ ಬಂತು, ಎಣ್ಣೆ ಕಮ್ಮಿ ಬಂತು, ಇಲ್ಲವೇ ಎಲ್ಲಿಂದಲೋ ಹೆಚ್ಚು ಗಾಳಿ ಬಂತು. ನನ್ನ ಎಂಜಿನ್‌ಗೆ ಆಗಿದ್ದು ಇದೇ.

ತಲೆಯ ಅಂಚು ಚುಚ್ಚಿ ಚುಚ್ಚಿ ತಿಂದ ಹಾಗಿದ್ದರೆ ಡೆಟೊನೇಷನ್, ಅಂದರೆ ಮಿಶ್ರಣ ಕ್ರಮವಾಗಿ ಉರಿಯದೆ ಒಮ್ಮೆಲೇ ಸಿಡಿದಿದೆ. ನಡುವೆ ಕರಗಿ ತೂತಾಗಿದ್ದರೆ ತೀರಾ ಬಿಸಿ ಪ್ಲಗ್, ತುಂಬ ಮುಂದಿಟ್ಟ ಟೈಮಿಂಗ್, ಪೆಟ್ರೋಲ್ ಕಮ್ಮಿ ಇರುವ ಮಿಶ್ರಣ, ಇವುಗಳಲ್ಲಿ ಒಂದನ್ನು ಹುಡುಕಿ. ತಲೆಯ ಒಳಗಡೆಯನ್ನೂ ತಿರುಗಿಸಿ ನೋಡಿ. ಅಲ್ಲಿ ಎಣ್ಣೆ ಸುಟ್ಟು ದಟ್ಟ ಕಪ್ಪು ಕಲೆಯಾಗಿದ್ದರೆ ಆ ಪಿಸ್ಟನ್ ತುಂಬ ಬಿಸಿಯಲ್ಲಿ ಓಡಿದೆ. ರಿಂಗ್ ಕೆಳಗೆ ಕಂದು ಪಟ್ಟಿ ಇದ್ದರೆ ರಿಂಗ್ ಸವೆದು ಗ್ಯಾಸ್ ಕೆಳಗೆ ನುಗ್ಗುತ್ತಿತ್ತು, ಅಷ್ಟೇ.

ಪಿಸ್ಟನ್ ಚೂರಾಗಿದ್ದರೆ ಮಾತ್ರ ಕೆಳಭಾಗ ಬಿಚ್ಚದೆ ಬಿಡಲೇಬೇಡಿ. ಚೂರುಗಳು ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್) ಒಳಗೆ ಹೋಗಿ ಕೂತಿರುತ್ತವೆ. ಸುಮ್ನೆ ತೊಳೆದು ಮುಚ್ಚಿದರೆ ಅವು ಹೊಸ ಪಿಸ್ಟನ್ನನ್ನೂ ತಿನ್ನುತ್ತವೆ.

ಸಿಲಿಂಡರ್ ಮತ್ತು ಅಳತೆ

ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ಮೈಕ್ರೊಮೀಟರ್ ಮತ್ತು ಬೋರ್ ಗೇಜ್ ಇಲ್ಲದಿದ್ದರೆ ಲೇತ್ ಶಾಪ್‌ಗೆ ಹೋಗಿ ಅಳತೆ ಮಾಡಿಸಿ.

ನಿಮ್ಮ ಸಿಲಿಂಡರ್ ಯಾವ ಥರದ್ದು ಅಂತ ಮೊದಲು ತಿಳಿದುಕೊಳ್ಳಿ. ಒಳಗೋಡೆಗೆ ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಅದು ಎರಕದ ಕಬ್ಬಿಣದ ಸ್ಲೀವ್. ಅದನ್ನು 0.25 ಅಥವಾ 0.50 ಮಿ.ಮೀ. ದೊಡ್ಡದಾಗಿ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಅಂಟದಿದ್ದರೆ ಅಲ್ಯೂಮಿನಿಯಂ ಮೇಲೆ ನಿಕಾಸಿಲ್ ಥರದ ಲೇಪ ಇದೆ. ಜರ್ಮನಿಯ ಮಾಲೆ ಕಂಪನಿ 1960ರ ದಶಕದಲ್ಲಿ ರೋಟರಿ ಎಂಜಿನ್‌ಗಾಗಿ ಕಂಡುಹಿಡಿದ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಲೇಪ ಇದು. ಬಹಳ ಗಟ್ಟಿ, ಆದರೆ ತೆಳು. ಬೋರ್ ಮಾಡಿದರೆ ಲೇಪವೇ ಹೋಗುತ್ತದೆ. ಕಿತ್ತುಬಂದಿದ್ದರೆ ಮತ್ತೆ ಲೇಪ ಹಾಕಿಸಬೇಕು, ಇಲ್ಲವೇ ಸ್ಲೀವ್ ಹಾಕಿಸಬೇಕು. ಬರೀ ಅಲ್ಯೂಮಿನಿಯಂ ಮೆತ್ತಿಕೊಂಡಿದ್ದರೆ ಅದನ್ನು ತೆಗೆದು, ಕೆಳಗಿನ ಲೇಪ ಚೆನ್ನಾಗಿದೆಯಾ ನೋಡಿ ಆಮೇಲೆ ತೀರ್ಮಾನ ಮಾಡಿ.

ಬೋರನ್ನು ಮೇಲೆ, ನಡುವೆ, ಕೆಳಗೆ, ಮೂರು ಕಡೆ ಅಳೆಯಿರಿ. ಪ್ರತಿ ಕಡೆಯೂ ಪಿಸ್ಟನ್ ಪಿನ್ ನೇರಕ್ಕೆ ಒಂದು ಸಲ, ಅದಕ್ಕೆ ಅಡ್ಡಲಾಗಿ ಒಂದು ಸಲ. ಅಂಕಿಗಳ ನಡುವೆ 0.05 ಮಿ.ಮೀ. ಹತ್ತಿರ ವ್ಯತ್ಯಾಸ ಬಂತು ಅಂದರೆ ಸಿಲಿಂಡರ್ ಅಂಡಾಕಾರವಾಗಿದೆ ಅಥವಾ ಓರೆಯಾಗಿ ಸವೆದಿದೆ. ಪಿಸ್ಟನ್ನನ್ನು ಸ್ಕರ್ಟ್‌ನಲ್ಲಿ, ಪಿನ್‌ಗೆ ಅಡ್ಡಲಾಗಿ, ಮ್ಯಾನುಯಲ್ ಹೇಳಿದ ಎತ್ತರದಲ್ಲಿ ಅಳೆಯಬೇಕು. ಪಿಸ್ಟನ್ ಪೂರ್ತಿ ದುಂಡಗಿರುವುದಿಲ್ಲ, ತಲೆಯ ಹತ್ತಿರ ಸಣ್ಣ, ಕೆಳಗೆ ದಪ್ಪ. ಎರಡರ ನಡುವಿನ ಜಾಗ ಸಾಮಾನ್ಯವಾಗಿ 0.05ರಿಂದ 0.08 ಮಿ.ಮೀ. ಬರುತ್ತದೆ. ಬೋರ್ ಮಾಡಿಸುವುದಿದ್ದರೆ ಹೊಸ ಪಿಸ್ಟನ್ ಮೊದಲು ತಂದು ಅದನ್ನೇ ಶಾಪ್‌ಗೆ ಕೊಡಿ. ಆ ಪಿಸ್ಟನ್ ಅಳತೆಗೇ ಬೋರ್ ಆಗಬೇಕು.

ಬೋರ್ ಆದಮೇಲೆ ಪೋರ್ಟ್‌ಗಳ (ಸಿಲಿಂಡರ್ ಗೋಡೆಯಲ್ಲಿ ಮಿಶ್ರಣ, ಹೊಗೆ ಓಡಾಡುವ ಕಿಂಡಿಗಳು) ಅಂಚನ್ನು ಸ್ವಲ್ಪ ಉರುಟು ಮಾಡಿದ್ದಾರಾ ಅಂತ ಬೆರಳಾಡಿಸಿ ನೋಡಿ. ಚೂಪಾಗಿದ್ದರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ. ಹಲವರು ಮರೆಯುವ ಕೆಲಸ ಇದು.

ಹೋನಿಂಗ್ (ಕಲ್ಲಿನಿಂದ ಉಜ್ಜಿ ಸಣ್ಣ ಗೆರೆ ಮೂಡಿಸುವುದು) ಆದ ಸಿಲಿಂಡರನ್ನು ಬಿಸಿ ನೀರು ಮತ್ತು ಸೋಪಿನಲ್ಲಿ ಉಜ್ಜಿ ತೊಳೆಯಿರಿ. ಪೆಟ್ರೋಲ್‌ನಲ್ಲಿ ಒರೆಸಿದರೆ ಸಾಲದು, ಕಲ್ಲಿನ ಪುಡಿ ಗೆರೆಗಳ ಒಳಗೇ ಉಳಿಯುತ್ತದೆ. ಎಣ್ಣೆ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗೇ ಉಳಿಯುವವರೆಗೆ ತೊಳೆಯುತ್ತಿರಿ. ನಾನು ಕೆಲವೊಮ್ಮೆ ಐದಾರು ಸಲ ತೊಳೆದಿದ್ದೇನೆ.

ಈಗ ರಿಂಗ್ ಗ್ಯಾಪ್. ರಿಂಗನ್ನು ಸಿಲಿಂಡರ್ ಒಳಗಿಟ್ಟು ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ತುದಿಗಳ ನಡುವೆ ಫೀಲರ್ ಗೇಜ್ ಹಾಕಿ. ಬೋರ್ ಅಳತೆಯ ಸಾವಿರದಲ್ಲಿ ನಾಲ್ಕು ಭಾಗ ಅನ್ನುವುದು ಹಳೆಯ ಲೆಕ್ಕ. 54 ಮಿ.ಮೀ. ಬೋರ್ ಇರುವ 125ಕ್ಕೆ ಸುಮಾರು 0.2 ಮಿ.ಮೀ. ಆಯಿತು. ಸ್ವಲ್ಪ ಜಾಸ್ತಿ ಇದ್ದರೆ ನಡೆಯುತ್ತದೆ. ಕಮ್ಮಿ ಇದ್ದರೆ ಬಿಸಿಗೆ ತುದಿಗಳು ಒಂದಕ್ಕೊಂದು ತಾಗಿ ಸಿಲಿಂಡರ್ ಗೀರುತ್ತದೆ.

ಕ್ರ್ಯಾಂಕ್, ಬೇರಿಂಗ್, ಸೀಲ್

ಕನೆಕ್ಟಿಂಗ್ ರಾಡನ್ನು ಎರಡು ಕೈಯಲ್ಲಿ ಹಿಡಿದು ನೇರವಾಗಿ ಮೇಲೆ ಕೆಳಗೆ ಎಳೆಯಿರಿ. ಟಕ್ ಟಕ್ ಅಂತ ಕೈಗೆ ಸ್ವಲ್ಪ ಗೊತ್ತಾದರೂ ರಾಡ್ ಕಿಟ್ ಬದಲಿಸಬೇಕು. ಪಕ್ಕಕ್ಕೆ ಅಲುಗಾಡುವುದು ಬೇರೆ, ಅದಿರಲೇಬೇಕು. ಅದನ್ನು ಫೀಲರ್ ಗೇಜ್‌ನಲ್ಲಿ ಅಳೆದು ಮ್ಯಾನುಯಲ್ ಜೊತೆ ತಾಳೆ ನೋಡಿ.

ರಾಡ್ ಕಿಟ್ ಹಾಕಿಸುವುದು ಮನೆಯ ಕೆಲಸ ಅಲ್ಲ. ಪ್ರೆಸ್ ಬೇಕು, ಕ್ರ್ಯಾಂಕನ್ನು ಸೆಂಟರ್ ಮೇಲಿಟ್ಟು ಡಯಲ್ ಗೇಜ್‌ನಲ್ಲಿ ನೇರ ಮಾಡುವ ಅನುಭವ ಬೇಕು. ವಾಪಸ್ ತರುವಾಗ ಓರೆ ಎಷ್ಟಿದೆ ಅಂತ ಕೇಳಿ, ನಿಮ್ಮ ಎದುರಿಗೇ ತೋರಿಸಲು ಹೇಳಿ. 0.05 ಮಿ.ಮೀ. ದಾಟಬಾರದು. ನನಗೆ 0.03ರ ಒಳಗೆ ಬಂದರೇ ಸಮಾಧಾನ.

ಕೇಸ್ ಬಿಚ್ಚಿದ ಮೇಲೆ ಮೇನ್ ಬೇರಿಂಗ್ ಎರಡೂ, ಸೀಲ್ ಎಲ್ಲವೂ ಹೊಸದಾಗಬೇಕು. ನಿಂತ ಗಾಡಿಯಲ್ಲಿ ಸೀಲ್‌ನ ರಬ್ಬರ್ ತುಟಿ ಗಟ್ಟಿಯಾಗಿರುತ್ತದೆ, ನೋಡಲು ಮಾತ್ರ ಚೆನ್ನಾಗಿ ಕಾಣುತ್ತದೆ. ಟೂ ಸ್ಟ್ರೋಕ್‌ನಲ್ಲಿ ಈ ಸೀಲ್ ಬರೀ ಎಣ್ಣೆ ತಡೆಯುವುದಿಲ್ಲ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಮೊದಲು ಕ್ರ್ಯಾಂಕ್ ಕೇಸ್‌ಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ ಮೇಲೆ ಹೋಗುತ್ತದೆ. ಹಾಗಾಗಿ ಕೇಸ್ ಗಾಳಿಯಾಡದ ಪೆಟ್ಟಿಗೆಯ ಹಾಗಿರಬೇಕು. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಗಾಳಿ ಒಳಗೆ ಬಂದು ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿಯಾಗುತ್ತದೆ, ಪಿಸ್ಟನ್ ಸುಡುತ್ತದೆ. ಕ್ಲಚ್ ಕಡೆಯದು ಹೋದರೆ ಬಿಳಿ ಹೊಗೆ.

ಬೇರಿಂಗ್ ಕೂರಿಸಲು ಸುತ್ತಿಗೆ ಬೇಡ. ಬೇರಿಂಗನ್ನು ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಕೇಸನ್ನು ಓವನ್‌ನಲ್ಲಿ 90ರಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿ. ದಪ್ಪ ಕೈಗವಸು ಹಾಕಿಕೊಂಡು ಬೇರಿಂಗ್ ಇಟ್ಟರೆ ಟಪ್ ಅಂತ ತಾನೇ ಕೂರುತ್ತದೆ. ಆ ಸದ್ದು ಕೇಳುವುದೇ ಒಂದು ಖುಷಿ. ಕ್ರ್ಯಾಂಕನ್ನು ಬೇರಿಂಗ್ ಒಳಗೆ ತರಲು ಎಳೆಯುವ ಟೂಲ್ ಬಳಸಿ. ಸುತ್ತಿಗೆ ಹೊಡೆದರೆ ಈಗಷ್ಟೇ ನೇರ ಮಾಡಿಸಿದ ಕ್ರ್ಯಾಂಕ್ ಓರೆಯಾಗುತ್ತದೆ.

ಗೇರ್, ಕ್ಲಚ್

ಗೇರ್ ಹಲ್ಲುಗಳಿಗಿಂತ ಪಕ್ಕದ ಡಾಗ್‌ಗಳನ್ನು (ಒಂದು ಗೇರ್ ಇನ್ನೊಂದನ್ನು ಕಚ್ಚಿ ಹಿಡಿಯುವ ಗಡ್ಡೆಗಳು) ನೋಡಿ. ಮೂಲೆ ಉರುಟಾಗಿದ್ದರೆ ಗೇರ್ ಹಾರುತ್ತದೆ. ಶಿಫ್ಟ್ ಫೋರ್ಕ್ ನೀಲಿಯಾಗಿದ್ದರೆ ಅಥವಾ ಬಾಗಿದ್ದರೆ ಬದಲಿಸಿ. ವಾಷರ್‌ಗಳು ಇದ್ದ ಕ್ರಮದಲ್ಲೇ ಮತ್ತೆ ಬರಬೇಕು. ಕ್ಲಚ್ ಬಾಸ್ಕೆಟ್‌ನಲ್ಲಿ ಆಳವಾದ ಕಚ್ಚು ಬಿದ್ದಿದ್ದರೆ ಕ್ಲಚ್ ಸರಿಯಾಗಿ ಬಿಡುವುದಿಲ್ಲ. ಹೊಸ ಫ್ರಿಕ್ಷನ್ ಪ್ಲೇಟ್‌ಗಳನ್ನು ಹಾಕುವ ಮೊದಲು ಗೇರ್ ಆಯಿಲ್‌ನಲ್ಲಿ ನೆನೆಸಿಡಿ.

ಮತ್ತೆ ಕಟ್ಟುವುದು

ಹಳೆಯ ಪ್ಯಾಕಿಂಗ್ ಅಂಟನ್ನು ಚೂರೂ ಉಳಿಸದೆ ತೆಗೆಯಿರಿ. ಕೇಸ್ ಜೋಡಿಸಿ ಬೋಲ್ಟ್ ಬಿಗಿ ಮಾಡುತ್ತಾ ನಡುನಡುವೆ ಕ್ರ್ಯಾಂಕ್ ತಿರುಗಿಸಿ ನೋಡಿ. ಪೂರ್ತಿ ಬಿಗಿಯಾದ ಮೇಲೆ ಕ್ರ್ಯಾಂಕ್ ಗಟ್ಟಿ ಅನ್ನಿಸಿದರೆ ಅದು ಒಂದು ಪಕ್ಕಕ್ಕೆ ಎಳೆದುಕೊಂಡಿದೆ. ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ತುದಿಗೆ ಮೆಲ್ಲಗೆ ಒಂದೆರಡು ಸಲ ತಟ್ಟಿ, ನಡುವೆ ಬಂದು ಕೂರುತ್ತದೆ. ಎಲ್ಲ ಗೇರ್‌ಗಳೂ ಬೀಳುತ್ತವಾ ಅಂತ ಈಗಲೇ ಹಾಕಿ ನೋಡಿ.

ಪಿಸ್ಟನ್ ಹಾಕುವ ಮೊದಲು ಕೇಸ್ ಬಾಯಿಗೆ ಸ್ವಚ್ಛ ಬಟ್ಟೆ ತುರುಕಿ. ಕೈ ಜಾರಿದ ಸರ್ಕ್ಲಿಪ್ (ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ಸಣ್ಣ ತಂತಿ ಬಳೆ) ಒಳಗೆ ಬಿದ್ದರೆ ಇಷ್ಟೂ ಕೆಲಸ ಮತ್ತೆ ಮೊದಲಿಂದ. ಪಿಸ್ಟನ್ ತಲೆಯ ಮೇಲಿನ ಬಾಣ ಎಕ್ಸಾಸ್ಟ್ ಕಡೆಗಿರಲಿ. ರಿಂಗ್ ಮೇಲೆ ಅಕ್ಷರ ಇದ್ದರೆ ಅದು ಮೇಲ್ಮುಖವಾಗಿರಲಿ, ತುದಿಗಳು ಸಣ್ಣ ಪಿನ್‌ನ ಎರಡು ಪಕ್ಕ ಕೂರಲಿ. ಸರ್ಕ್ಲಿಪ್ ಯಾವಾಗಲೂ ಹೊಸದು, ಅದರ ಬಾಯಿ ನೇರ ಮೇಲೆ ಅಥವಾ ನೇರ ಕೆಳಗೆ. ಸಿಲಿಂಡರ್ ಇಳಿಸುವಾಗ ತಿರುಗಿಸಬೇಡಿ, ರಿಂಗ್ ತುದಿ ಪೋರ್ಟ್‌ಗೆ ಸಿಕ್ಕಿಕೊಳ್ಳುತ್ತದೆ. ಹೆಡ್ ನಟ್‌ಗಳನ್ನು ಎದುರು ಬದುರಾಗಿ, ಎರಡು ಮೂರು ಹಂತಗಳಲ್ಲಿ, ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿ.

ಮ್ಯಾಗ್ನೆಟ್ ಕೂರುವ ಓರೆ ಜಾಗದಲ್ಲಿ ಎಣ್ಣೆ, ಗ್ರೀಸ್ ಏನೂ ಇರಬಾರದು. ಹಿಡಿತ ಕೊಡುವುದು ಆ ಓರೆಯೇ. ಕೀ (ಕ್ರ್ಯಾಂಕ್ ಗಾಡಿಯಲ್ಲಿ ಕೂರುವ ಸಣ್ಣ ಲೋಹದ ತುಂಡು) ಇರುವುದು ಟೈಮಿಂಗ್ ಜಾಗ ತೋರಿಸಲು ಮಾತ್ರ. ಸ್ಟೇಟರನ್ನು ನೀವು ಎಳೆದ ಗೆರೆಗೆ ಸರಿಯಾಗಿ ಕೂರಿಸಿ.

ಗಾಳಿ ಸೋರುತ್ತಾ ನೋಡಿ

ಇದೊಂದನ್ನು ಬಿಡಬೇಡಿ. ನನ್ನ ಮೊದಲ ಎಂಜಿನ್ ಉಳಿಯಬೇಕಿದ್ದರೆ ನಾನು ಮಾಡಬೇಕಾಗಿದ್ದ ಅರ್ಧ ಗಂಟೆಯ ಕೆಲಸ ಇದು.

ಎಕ್ಸಾಸ್ಟ್ ಬಾಯಿಯನ್ನು ರಬ್ಬರ್ ಬಿರಡೆಯಿಂದ ಮುಚ್ಚಿ. ಕಾರ್ಬೊರೇಟರ್ ಕೂರುವ ರಬ್ಬರ್‌ಗೆ ಇನ್ನೊಂದು ಬಿರಡೆ, ಅದರಲ್ಲಿ ಒಂದು ಸಣ್ಣ ವಾಲ್ವ್. ಪಿಸ್ಟನ್ ಕೆಳಗಿರಲಿ. ಸಣ್ಣ ಕೈಪಂಪ್‌ನಲ್ಲಿ 6 ಪಿಎಸ್‌ಐ ಗಾಳಿ ತುಂಬಿ, 6 ನಿಮಿಷ ಕಾಯಿರಿ. ಅದಕ್ಕಿಂತ ಜಾಸ್ತಿ ಒತ್ತಡ ಬೇಡ, ಸೀಲ್ ಹೊರಗೆ ಬರಬಹುದು. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ. ಸೋಪಿನ ನೀರು ಹಚ್ಚಿ ಹುಡುಕಿ: ಮ್ಯಾಗ್ನೆಟ್ ಹಿಂದೆ, ಸಿಲಿಂಡರ್ ಬುಡ, ಕೇಸ್ ನಡುಗೆರೆ, ರೀಡ್ ಬ್ಲಾಕ್. ಗೇರ್‌ಬಾಕ್ಸ್‌ನ ಗಾಳಿ ಪೈಪ್‌ನಲ್ಲಿ ಗುಳ್ಳೆ ಬಂದರೆ ಕ್ಲಚ್ ಕಡೆಯ ಸೀಲ್. ಕೂಲೆಂಟ್‌ನಲ್ಲಿ ಬಂದರೆ ಹೆಡ್ ಪ್ಯಾಕಿಂಗ್. ಪವರ್ ವಾಲ್ವ್ ಶಾಫ್ಟ್‌ನಲ್ಲಿ ಸ್ವಲ್ಪ ಬಂದರೆ ಗಾಬರಿ ಬೇಡ, ಅದು ಎಕ್ಸಾಸ್ಟ್ ಕಡೆಯದು.

ಕಾರ್ಬೊರೇಟರ್, ಪೆಟ್ರೋಲ್, ಫಿಲ್ಟರ್

ನಿಂತ ಪೆಟ್ರೋಲ್ ಅಂಟಾಗಿ ಪೈಲಟ್ ಜೆಟ್ (ಕಮ್ಮಿ ಥ್ರಾಟಲ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಬಿಡಿಭಾಗ) ಮುಚ್ಚಿರುತ್ತದೆ. ಜೆಟ್ ಬಿಚ್ಚಿ, ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಹೊಡೆದು, ಬೆಳಕಿಗೆ ಹಿಡಿದು ನೋಡಿ. ಉಕ್ಕಿನ ತಂತಿ ಹಾಕಿದರೆ ತೂತು ದೊಡ್ಡದಾಗುತ್ತದೆ. ಟ್ಯಾಂಕ್ ಒಳಗಿನ ಕೊಳೆಯೂ ಹೋಗಬೇಕು. ರೀಡ್ ಎಲೆಗಳು ಸೀಳಿದ್ದರೆ ಹೊಸದು ಹಾಕಿ.

ಪೆಟ್ರೋಲ್ ಮತ್ತು ಟೂ ಸ್ಟ್ರೋಕ್ ಎಣ್ಣೆಯ ಮಿಶ್ರಣ 32ಕ್ಕೆ 1 ಅಂದರೆ ಲೀಟರ್‌ಗೆ 31 ಮಿ.ಲೀ. ಎಣ್ಣೆ, 5 ಲೀಟರ್‌ಗೆ 156 ಮಿ.ಲೀ. ಹೊಸ ಎಂಜಿನ್ ಅಂತ ಮನಸ್ಸಿಗೆ ಬಂದಷ್ಟು ಎಣ್ಣೆ ಸುರಿಯಬೇಡಿ. ಎಣ್ಣೆ ಜಾಸ್ತಿಯಾದಷ್ಟೂ ಅದೇ ಜೆಟ್‌ನಲ್ಲಿ ಪೆಟ್ರೋಲ್ ಕಮ್ಮಿ ಹೋಗುತ್ತದೆ. ಏರ್ ಫಿಲ್ಟರ್ ಹೊಸದು ಹಾಕಿ, ಫಿಲ್ಟರ್ ಎಣ್ಣೆ ಹಚ್ಚಿ, ಅಂಚಿಗೆ ಗ್ರೀಸ್ ಸವರಿ.

ಮೊದಲ ಸ್ಟಾರ್ಟ್

ಕೂಲೆಂಟ್, ಗೇರ್ ಆಯಿಲ್ ತುಂಬಿದ್ದೀರಾ ಅಂತ ಎರಡು ಸಲ ನೋಡಿ. ಕಿಲ್ ಸ್ವಿಚ್ ಕೆಲಸ ಮಾಡುತ್ತಿರಬೇಕು. ಸ್ಟಾರ್ಟ್ ಆದಮೇಲೆ ಥ್ರಾಟಲ್ ಬಿಟ್ಟರೂ ಆರ್‌ಪಿಎಂ ಇಳಿಯದೆ ಮೇಲೇ ನಿಂತರೆ ತಕ್ಷಣ ನಿಲ್ಲಿಸಿ, ಗಾಳಿ ಎಲ್ಲೋ ಸೇರುತ್ತಿದೆ. ಸ್ವಿಚ್‌ಗೆ ನಿಲ್ಲದಿದ್ದರೆ ಬ್ರೇಕ್ ಗಟ್ಟಿಯಾಗಿ ಹಿಡಿದು, ದೊಡ್ಡ ಗೇರ್ ಹಾಕಿ ಕ್ಲಚ್ ಬಿಡಿ.

ಎಲ್ಲ ಸರಿ ಇದ್ದರೆ ಮೆಲ್ಲಗೆ ಬಿಸಿಯಾಗಲು ಬಿಡಿ. ರೇಡಿಯೇಟರ್ ಬಿಸಿಯಾದ ಕೂಡಲೇ ಆಫ್ ಮಾಡಿ, ಪೂರ್ತಿ ತಣ್ಣಗಾಗಲಿ. ಹೀಗೆ ಮೂರು ಸಲ. ತಣ್ಣಗಿರುವಾಗ ಹೆಡ್ ನಟ್‌ಗಳ ಟಾರ್ಕ್ ಮತ್ತೊಮ್ಮೆ ನೋಡಿ. ಮೊದಲ ಟ್ಯಾಂಕ್ ಮುಗಿಯುವವರೆಗೆ ಥ್ರಾಟಲ್ ಏರಿಳಿಸುತ್ತಾ ಓಡಿಸಿ. ಒಂದೇ ವೇಗದಲ್ಲಿ ಬಹಳ ಹೊತ್ತು ಬೇಡ, ಪೂರ್ತಿ ಎಳೆಯುವುದೂ ಬೇಡ.

ಆಮೇಲೆ ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ಪೋರ್ಟ್ ಒಳಗೆ ಟಾರ್ಚ್ ಬಿಡಿ. ಕಿಕ್ಕರನ್ನು ಕೈಯಲ್ಲಿ ಒತ್ತುತ್ತಾ ಪಿಸ್ಟನ್ ಪಕ್ಕವನ್ನು ಮೇಲಿಂದ ಕೆಳಗೆ ನೋಡಿ. ಉದ್ದ ಗೀರು ಕಂಡರೆ ಕಾರಣ ಇನ್ನೂ ಒಳಗೇ ಇದೆ, ಗಾಳಿ ಪರೀಕ್ಷೆಯಿಂದ ಮತ್ತೆ ಶುರು ಮಾಡಿ. ಸ್ಕರ್ಟ್ ನುಣುಪಾಗಿ, ಎಣ್ಣೆಯ ತೇವದಲ್ಲಿ ಹೊಳೆಯುತ್ತಿದ್ದರೆ ಸೈಲೆನ್ಸರ್ ಹಾಕಿ, ಹೆಲ್ಮೆಟ್ ತಗೊಳ್ಳಿ.